ಎದೆಗೆ ಕೊಟ್ಟ ಮಾತ್ರೆ, ಮೈಗೆ ಬಂದ ಮಡಿ

ಎಲ್ಲರ ಉಸಿರಿನಲ್ಲೂ ಓಡಾಡುವ ವಾಯುಪುತ್ರನಿಗೆ ಮೊದಲು ಕೈಮುಗಿಯುತ್ತೇನೆ. ನನ್ನ ಎದೆ ತಾಳ ತಪ್ಪಿದ ಮೇಲೂ ಇಷ್ಟು ದಿನ ನಡೆಸಿಕೊಂಡು ಬಂದವನು ಅವನೇ.

ಎದೆಬಡಿತಕ್ಕೆ ಔಷಧ ತಗೊಳ್ಳುವವನಿಗೆ ನಗೆಪಾಟಲು ತಪ್ಪುವುದಿಲ್ಲ. ಒಂದು ಮುಗಿಯಿತು ಅಂತ ಅಂಗವಸ್ತ್ರ ಕೊಡವಿ ಹೆಗಲಿಗೆ ಹಾಕುವಷ್ಟರಲ್ಲಿ ಇನ್ನೊಂದು ಬಂದು ನಿಂತಿರುತ್ತದೆ.

ಹೊನ್ನಾಳಿಯ ಡಾಕ್ಟರು

ಯುದ್ಧದ ಕಾಲ. ಚನ್ನಗಿರಿಯಲ್ಲಿ ಒಂದು ಸಣ್ಣ ಹನುಮಪ್ಪನ ಗುಡಿಯ ಪೂಜೆ ನನ್ನದು, ಗುಡಿಯ ಹಿಂದೆಯೇ ಮನೆ. ಮನೆಯಾಕೆ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಒಬ್ಬನಿಗೆ ಅನ್ನ ಮಾಡುವುದು ನನಗೆ ಕೊನೆಗೂ ಕೈಹತ್ತಲಿಲ್ಲ. ಯಾವಾಗ ಮಾಡಿದರೂ ಇನ್ನೊಬ್ಬರಿಗೆ ಆಗುವಷ್ಟು ಮಿಕ್ಕುತ್ತಿತ್ತು. ಬೆಳಿಗ್ಗೆ ಗುಡಿಯಲ್ಲಿ ಹನುಮಪ್ಪನ ಜೊತೆ ನಾಲ್ಕು ಮಾತು, ತೀರ್ಥಕ್ಕೆ ಬಂದವರ ಜೊತೆ ಎರಡು ಮಾತು. ದಿನಕ್ಕೆ ಆಡುತ್ತಿದ್ದ ಮಾತು ಅಷ್ಟೇ. ಆ ಪೂಜೆ ಕೈತಪ್ಪಿದರೆ ಅದೂ ಇಲ್ಲ.

ಒಂದು ದಿನ ಮಂಗಳಾರತಿ ಎತ್ತಿದಾಗ ಎದೆ ದಿಕ್ಕಾಪಾಲಾಗಿ ಬಡಿದುಕೊಂಡಿತು. ಅಲ್ಲೇ ಕುಸಿದು ಕೂತೆ. ಗುಡಿಯ ಧರ್ಮದರ್ಶಿಗಳು, ನಮ್ಮೂರ ದೊಡ್ಡ ಗೌಡರು, ಕೈಹಿಡಿದು ಎಬ್ಬಿಸಿದರು.

"ಭಟ್ರೇ, ಮೈ ನೋಡ್ಕೊಳ್ರಿ. ಶುರು ಮಾಡಿದ ಪೂಜೆ ನಡುವೆ ನಿಂತ್ರೆ ಊರಿಗೆ ಒಳ್ಳೇದಲ್ಲ. ಇನ್ನೊಂದು ಸಲ ಹಿಂಗಾದ್ರೆ ಬೇರೆಯವರನ್ನ ನೋಡ್ಬೇಕಾಗ್ತೈತೆ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಆ ದಿನ ನನಗೆ ಊಟ ಸೇರಲಿಲ್ಲ.

ಪೆಟ್ರೋಲು ಸಿಗದೆ ಇದ್ದಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಹತ್ತಿ ಹೊನ್ನಾಳಿಗೆ ಹೋದೆ. ಅಲ್ಲಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಹೇಗೆ ಬಡಿದುಕೊಳ್ಳುತ್ತೆ, ಹೇಳಿ?"

"ತೋಳ ಕಂಡ ಕುರಿಹಿಂಡಿನ ಹಾಗೆ."

"ಹನಿ ಔಷಧ ಕೊಡ್ತೀನಿ. ನೀರಿಗೆ ಎಣಿಸಿ ಹಾಕಬೇಕು, ಒಂದು ಹನಿ ಹೆಚ್ಚು ಬೀಳಬಾರದು. ಮನೆಯಲ್ಲಿ ಯಾರಿದ್ದಾರೆ?"

"ದೇವರಿದ್ದಾನೆ."

ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಸಂತೋಷ. ಅವನಿಗೆ ಎಣಿಸೋಕೆ ಬರುತ್ತಾ?"

ನ್ಯಾಮತಿಯ ಹೆಣ್ಣು

ಎದೆ ಸ್ವಲ್ಪ ತಹಬಂದಿಗೆ ಬಂತು. ಆದರೆ ಕೆಲವು ವಾರ ಕಳೆಯುವಷ್ಟರಲ್ಲಿ ಜಗತ್ತೆಲ್ಲ ಹಳದಿಯಾಯಿತು. ವಿಭೂತಿ ಹಳದಿ, ಅನ್ನ ಹಳದಿ, ಗೋಡೆಯ ಸುಣ್ಣ ಹಳದಿ. ಲೋಕಕ್ಕೆಲ್ಲ ಆ ಜಗನ್ಮಾತೆ ಅರಿಶಿನ ಹಚ್ಚಿದ್ದಾಳೆ ಅಂದುಕೊಂಡು ಸುಮ್ಮನಿದ್ದೆ. ಔಷಧದ ಕೆಲಸ ಅಂತ ನನಗೆ ಹೊಳೆಯಲೇ ಇಲ್ಲ. ಹೊಳೆಯುವಂತೆ ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ದಾಯಾದಿ ಅಣ್ಣನ ಹೆಂಡತಿ ಹೇಳಿಕಳಿಸಿದಳು. ಮಗನಿಗೆ ನ್ಯಾಮತಿಯಲ್ಲಿ ಹೆಣ್ಣು ನೋಡಬೇಕು. ಅತ್ತಿಗೆಗೆ ಕಣ್ಣಿನ ಪೊರೆ, ಎದುರಿಗಿರುವುದು ಕಂಬವೋ ಮನುಷ್ಯನೋ ತಿಳಿಯದು. "ತಮ್ಮಯ್ಯ, ನೀನು ಸುಳ್ಳು ಹೇಳೋನಲ್ಲ. ನೀನೇ ನನ್ನ ಕಣ್ಣು" ಅಂದಳು. ಯಾರೋ ಕರೆದರಲ್ಲ ಅನ್ನುವ ಖುಷಿಗೆ ಬೆಳಿಗ್ಗೆ ಪೂಜೆ ಮುಗಿಸಿ, ಸಂಜೆಯ ದೀಪವನ್ನು ಪಕ್ಕದ ಗುಡಿಯವರಿಗೆ ಒಪ್ಪಿಸಿ ಹೊರಟೆ.

ಹುಡುಗಿ ಬಂದು ನಮಸ್ಕಾರ ಮಾಡಿದಳು. ಅತ್ತಿಗೆ ನನ್ನ ಕಿವಿಯ ಹತ್ತಿರ ಬಾಗಿದಳು. "ಬಣ್ಣ ಹೆಂಗೈತೆ?"

"ಅಪ್ಪಟ ಬಂಗಾರ."

ಪಿಸುಮಾತಾದರೂ ಕೋಣೆಗೆಲ್ಲ ಕೇಳಿತು. ಹೆಣ್ಣಿನವರ ಮುಖ ಅರಳಿತು. ಅವರ ಅಜ್ಜಿ ನಕ್ಕು, "ನಮಗೂ ಕಣ್ಣು ಮಂಜು ಸ್ವಾಮಿ. ಹುಡುಗ ಹೆಂಗವ್ನೆ, ಅದನ್ನೂ ಹೇಳಿಬಿಡ್ರಿ" ಅಂದಳು.

"ಅವನೂ ಬಂಗಾರವೇ."

ಹುಡುಗನ ಕಡೆ ಎಲ್ಲರೂ ಒಮ್ಮೆ ತಿರುಗಿ ನೋಡಿದರು. ಅವನು ಬಿಸಿಲಲ್ಲಿ ಹೊಲ ನೋಡಿಕೊಳ್ಳುವ ಹುಡುಗ. ಆದರೂ ದೊಡ್ಡವರ ಮಾತು ಅಂತ ಒಪ್ಪಿಕೊಂಡರು. ಆಮೇಲೆ ಹಾಲು ತಂದಿಟ್ಟರು.

"ಈ ಕಾಲದಲ್ಲೂ ಹಾಲಿಗೆ ಇಷ್ಟೊಂದು ಕೇಸರಿ ಹಾಕಿದ್ದೀರಲ್ಲ, ದೊಡ್ಡ ಮನಸ್ಸು ತಾಯಿ" ಅಂದೆ.

ಹೆಣ್ಣಿನ ತಾಯಿ ಬಾಯಿಬಿಟ್ಟು ನಿಂತಳು. "ಬರೀ ಹಾಲು ಸ್ವಾಮಿ. ಸಕ್ಕರೆ ಸೈತ ಇಲ್ಲ."

ಅತ್ತಿಗೆ ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದಳು: "ತಮ್ಮಯ್ಯ, ಹಂಗಾದ್ರೆ ಹುಡುಗಿ?"

ಮದುವೆ ಆಯಿತು. ಹುಡುಗಿ ಮನಸ್ಸಿನಲ್ಲಿ ಬಂಗಾರವೇ ಆಗಿದ್ದಳು. ಆದರೆ ಆಮೇಲೆ ಹೆಣ್ಣು ನೋಡಲು ನನ್ನನ್ನು ಯಾರೂ ಕರೆಯಲಿಲ್ಲ.

ಜಗಳೂರಿನ ಟಗರು

ಹಳದಿಯ ಸುದ್ದಿ ಕೇಳಿ ಡಾಕ್ಟರು ಹಣೆ ಚಚ್ಚಿಕೊಂಡು ಹನಿ ನಿಲ್ಲಿಸಿದರು. ಮಾತ್ರೆ ಕೊಟ್ಟರು. "ಇದು ಚಳಿಜ್ವರದ ಮಾತ್ರೆಯ ಒಡಹುಟ್ಟು. ಕಿವಿ ಗುಂಯ್ ಅಂದರೆ ಹೆದರಬೇಡಿ" ಅಂದರು.

ಗುಂಯ್ ಅನ್ನಲಿಲ್ಲ. ಗಂಟೆ ಹೊಡೆಯಿತು. ಕಿಣಿ ಕಿಣಿ ಕಿಣಿ, ಹಗಲೂ ರಾತ್ರಿ. ನಿಜ ಹೇಳಬೇಕೆಂದರೆ ನನಗೆ ಬೇಸರವಾಗಲಿಲ್ಲ. ಎಷ್ಟೋ ಕಾಲದಿಂದ ಸದ್ದೇ ಇಲ್ಲದ ಮನೆ. ಕಿವಿಯಾದರೂ ಏನೋ ಹೇಳುತ್ತಿದೆಯಲ್ಲ ಅನ್ನಿಸಿತು.

ಜಗಳೂರಿನ ಹತ್ತಿರದ ಹಳ್ಳಿಯಲ್ಲಿ ಒಬ್ಬರ ಮನೆಗೆ ಸತ್ಯನಾರಾಯಣ ಪೂಜೆಗೆ ಹೋಗಿದ್ದೆ. ಬಸ್ಸಿಳಿದು ಬಯಲಲ್ಲಿ ನಡೆಯುವಾಗ ಕಂಬಳಿ ಹೊದ್ದ ಕುರಿಗಾರನೊಬ್ಬ ಓಡಿಬಂದ. ಗಂಟೆ ಕಟ್ಟಿದ ಅವನ ಟಗರು ತಪ್ಪಿಸಿಕೊಂಡಿತ್ತು. ಅದರ ಹಿಂದೆ ಅರ್ಧ ಹಿಂಡು ಹೋಗಿತ್ತು.

"ಸ್ವಾಮೇರೆ, ಎಲ್ಲಾದ್ರೂ ಗಂಟೆ ಸದ್ದು ಕೇಳ್ತಾ?"

"ಕೇಳ್ತು. ಈಗಲೂ ಕೇಳ್ತಾ ಇದೆ."

ಅವನು ನಿಂತು ಕಿವಿಗೊಟ್ಟ. "ನನಗೆ ಕೇಳ್ಸಾಕಿಲ್ವಲ್ಲ! ಯಾವ ಕಡೆ ಸ್ವಾಮಿ?"

"ಎರಡೂ ಕಡೆ."

"ಎರಡೂ ಕಡೆನಾ?" ಅವನ ಕಣ್ಣು ಅಗಲವಾದವು. "ಹಿಂಡು ಒಡೆದೈತೆ ಹಂಗಾದ್ರೆ! ಯಾವ ಕಡೆ ಜೋರು?"

ನಾನು ನಿಂತು ನಿಷ್ಠೆಯಿಂದ ಪರೀಕ್ಷೆ ಮಾಡಿದೆ. "ಎಡಗಡೆ ಸ್ವಲ್ಪ ಜೋರಪ್ಪ. ಮಲಗಿದಾಗ ಇನ್ನೂ ಚೆನ್ನಾಗಿ ಕೇಳುತ್ತೆ."

ಪಾಪ, ಅವನು ಬಯಲಲ್ಲಿ ಕಂಬಳಿ ಹಾಸಿ, ಎಡಮಗ್ಗುಲಾಗಿ ಮಲಗಿ, ನೆಲಕ್ಕೆ ಕಿವಿ ಹಚ್ಚಿದ.

ಚನ್ನಗಿರಿಯ ಮಡಿ

ಎದೆ ಮತ್ತೆ ಹಟ ಹಿಡಿಯಿತು. ಡಾಕ್ಟರು ಮಾತ್ರೆ ಹೆಚ್ಚು ಮಾಡಿದರು. ಎದೆ ಸುಮ್ಮನಾಯಿತು, ಹೊಟ್ಟೆ ಕೆಟ್ಟಿತು. ಹೇಗೆ ಕೆಟ್ಟಿತು ಎಂದು ದೇವರ ಮುಂದೆ ವಿವರಿಸುವುದು ಬೇಡ. ಹಿತ್ತಲಿಗೆ ಹೋಗಿಬಂದ ಮೇಲೆ ಬಾವಿಯ ತಣ್ಣೀರಿನಲ್ಲಿ ತಲೆಯ ಮೇಲಿಂದ ಸ್ನಾನ ಮಾಡದೆ ಗರ್ಭಗುಡಿ ಮುಟ್ಟುವಂತಿಲ್ಲ ಅನ್ನುವುದಷ್ಟೇ ಸಾಕು.

ಇದೇ ಸಮಯಕ್ಕೆ ಗೌಡರು ಉಬ್ರಾಣಿ ಕಡೆಯಿಂದ ಗಟ್ಟಿಮುಟ್ಟಾದ ಒಬ್ಬ ಅರ್ಚಕನನ್ನು ಕರೆಸಿದರು. "ಬೇಜಾರು ಮಾಡ್ಕೋಬ್ಯಾಡ್ರಿ ಭಟ್ರೇ. ನಾಳೆ ನಿಮ್ಮ ಪೂಜೆ ಕೂತು ನೋಡ್ತೀವಿ. ಸಾಂಗವಾಗಿ ಮುಗೀತೋ, ಗುಡಿ ನಿಮ್ದೇ. ಇಲ್ಲಾಂದ್ರೆ ಇವರು ಅವ್ರೆ."

ಧನುರ್ಮಾಸದ ಚಳಿ. ಬೆಳಗಾಗುವ ಮೊದಲೇ ಗೌಡರು, ಅವರ ಮುದಿ ತಾಯಿ, ಹೊಸ ಅರ್ಚಕ, ಊರಿನ ಜನ ಎಲ್ಲ ಬಂದು ಕೂತರು. ಮಾತ್ರೆ ಬಿಟ್ಟರೆ ಎದೆ ಕೈಕೊಡುತ್ತದೆ, ತಗೊಂಡರೆ ಹೊಟ್ಟೆ. ಹನುಮಪ್ಪನ ಮುಖ ನೋಡಿ ನುಂಗಿಬಿಟ್ಟೆ. "ನನ್ನನ್ನು ನಿನ್ನ ಗುಡಿಯಿಂದ ಬಿಡಿಸಬೇಡಪ್ಪ, ನಿನ್ನ ಬಿಟ್ಟರೆ ನನಗೆ ಗುರುತಿನವರಿಲ್ಲ" ಅಂತ ಮನಸ್ಸಿನಲ್ಲೇ ಹೇಳಿ ಸಂಕಲ್ಪ ಮಾಡಿದೆ.

ಅಭಿಷೇಕಕ್ಕೆ ಬರುವಷ್ಟರಲ್ಲಿ ಹೊಟ್ಟೆ ಕರೆಯಿತು. ಎದ್ದು ಓಡಿದೆ. ಬಾವಿಯ ನೀರು ಸುರಿದುಕೊಂಡು ಒದ್ದೆ ಪಂಚೆಯಲ್ಲೇ ಬಂದು ಮತ್ತೆ ಸಂಕಲ್ಪದಿಂದ ಶುರು ಮಾಡಿದೆ. ಅಲಂಕಾರದ ಹೊತ್ತಿಗೆ ಮತ್ತೆ ಓಟ, ಮತ್ತೆ ನೀರು, ಮತ್ತೆ ಸಂಕಲ್ಪ. ನೈವೇದ್ಯದ ಮುಂಚೆ ಇನ್ನೊಂದು. ಹಲ್ಲು ಕಟಕಟ ಅನ್ನುತ್ತಿತ್ತು. ನಡುಕಕ್ಕೆ ಕೈಯಲ್ಲಿನ ಗಂಟೆ ತಾನಾಗಿಯೇ ಬಡಿದುಕೊಳ್ಳುತ್ತಿತ್ತು. ಕೊನೆಗೂ ಮಂಗಳಾರತಿ ಎತ್ತಿದೆ. ಎದೆ ಒಂದು ತಾಳವೂ ತಪ್ಪಲಿಲ್ಲ.

ಗೌಡರ ತಾಯಿ ಕಣ್ಣೊರೆಸಿಕೊಂಡಳು. "ನೋಡ್ರೋ, ಅಭಿಷೇಕಕ್ಕೊಂದು ಮಡಿ, ಅಲಂಕಾರಕ್ಕೊಂದು ಮಡಿ, ನೈವೇದ್ಯಕ್ಕೊಂದು ಮಡಿ! ಈ ಚಳಿಯಾಗೆ! ಇಂಥವರನ್ನ ಬಿಡ್ಸಾಕೆ ಹೊಂಟಿದ್ಯೇನೋ ಮಗನೇ?"

ಗೌಡರು ಹೊಸ ಅರ್ಚಕನ ಕಡೆ ತಿರುಗಿದರು. "ಏನ್ರೀ, ನಿಮ್ಮ ಕೈಲಿ ಇದು ಆಗ್ತೈತಾ?"

ಅವನು ಶಾಲು ಬಿಗಿಯಾಗಿ ಹೊದ್ದುಕೊಂಡ. "ನನ್ನದು ಶೀತದ ಮೈ ಗೌಡ್ರೇ. ಬಸ್ಸು ಎಷ್ಟೊತ್ತಿಗೆ?"

ಗರ್ಭಗುಡಿಯ ಬಾಗಿಲಲ್ಲಿ ನಿಂತು ಸುಳ್ಳಿಗೆ ತಲೆದೂಗುವುದು ಹೇಗೆ? "ಅಮ್ಮಾ, ಇದು ಮಡಿಯಲ್ಲ. ಮಾತ್ರೆಯಿಂದ ಹೊಟ್ಟೆ ಕೆಟ್ಟಿದೆ, ಅಷ್ಟೇ" ಅಂದುಬಿಟ್ಟೆ.

ಮುದುಕಿ ಎರಡೂ ಕೈ ಎತ್ತಿ ಮುಗಿದಳು. "ಕೇಳಿದ್ರಾ? ದೊಡ್ಡವರು ಹಿಂಗೇ. ಹೇಳ್ಕೊಳ್ಳಾಕಿಲ್ಲ, ಮುಚ್ಚಿಡ್ತಾರೆ!"

ಆಮೇಲೆ ನಾನು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಭಟ್ಟರು ಒಬ್ಬರೇ ಅಷ್ಟು ನೀರು ಸೇದಬಾರದು ಅಂತ ಆ ತಾಯಿ ಅಪ್ಪಣೆ ಮಾಡಿದಳು. ಮಾರನೆ ದಿನದಿಂದ ನಸುಕಿನಲ್ಲೇ ನಾಲ್ಕೈದು ಜನ ನನ್ನ ಹಿತ್ತಲಿಗೆ ಬಂದು ನೀರು ಸೇದುವರು, ಕೊಡ ತುಂಬಿಸಿಡುವರು, ಬಾವಿಕಟ್ಟೆಯ ಮೇಲೆ ಕೂತು ಯುದ್ಧದ ಸುದ್ದಿ, ಎಮ್ಮೆಯ ಸುದ್ದಿ ಮಾತಾಡುವರು. ಅವಲಕ್ಕಿ ತಂದವರೂ ಉಂಟು. ನನ್ನ ಮನೆಯಲ್ಲಿ ನಗು ಕೇಳಿ ನನಗೇ ಗಾಬರಿಯಾಯಿತು.

ಕೆಲವು ದಿನಕ್ಕೆ ಡಾಕ್ಟರು ಮಾತ್ರೆ ಕಡಿಮೆ ಮಾಡಿದರು. ಹೊಟ್ಟೆ ಪೂರ್ತಿ ನೆಟ್ಟಗಾಯಿತು. ಅವತ್ತು ಬೆಳಿಗ್ಗೆ ಒಂದೇ ಸ್ನಾನ ಮಾಡಿ ಪಂಚೆ ಉಡುತ್ತಿದ್ದೆ. ಬಾವಿಕಟ್ಟೆಯ ಮೇಲೆ ತುಂಬಿದ ಕೊಡಗಳು ಸಾಲಾಗಿ ಕೂತಿದ್ದವು. ಹಿಂದೆ ನೀರು ಸೇದಿದವರೂ ಸಾಲಾಗಿ ನಿಂತಿದ್ದರು.

"ಇವತ್ತು ಇಷ್ಟೇನಾ ಸ್ವಾಮಿ?" ಅಂದ ಒಬ್ಬ. ದನಿಯಲ್ಲಿ ನಿರಾಸೆ. "ಹಂಗಾದ್ರೆ ನಾಳೆಯಿಂದ ಬರೋದು ಬ್ಯಾಡ್ವಾ?"

ನಾನು ಹನುಮಪ್ಪನ ಗುಡಿಯ ಕಡೆ ಒಮ್ಮೆ ನೋಡಿದೆ. ಉಡುತ್ತಿದ್ದ ಪಂಚೆಯನ್ನು ಪಕ್ಕಕ್ಕಿಟ್ಟೆ. "ತಾಳ್ರಪ್ಪ, ಹೋಗಬೇಡ್ರಿ. ಇನ್ನೂ ಎರಡು ಮಡಿ ಬಾಕಿ ಇದೆ" ಅಂದು, ನೆಟ್ಟಗಿದ್ದ ಹೊಟ್ಟೆಯ ಮೇಲೆ ಆ ಕೊರೆಯುವ ನೀರನ್ನು ಕೊಡಗಟ್ಟಲೆ ಹುಯ್ದುಕೊಂಡೆ.

ಇಷ್ಟು ಹೊತ್ತು ಕೂತು ಕೇಳಿದ ತಾಯಂದಿರಿಗೂ ಅಪ್ಪಂದಿರಿಗೂ ಆ ಸ್ವಾಮಿ ಆಯುಸ್ಸು ಕೊಡಲಿ. ನಿಮ್ಮ ಹೊಟ್ಟೆ ತಂಪಾಗಿರಲಿ. ನಿಮ್ಮ ಹಿತ್ತಲ ಬಾಗಿಲು ತೆರೆದಿರಲಿ, ಬರುವವರು ಬರುತ್ತಿರಲಿ.