ಹೊಟ್ಟೆಕಿಚ್ಚಿನ ದನಿ

ಲುಂಬಿನಿಯ ಗ್ರಹಚಾರ ಕೆಟ್ಟದ್ದು ಫೋನನ್ನು ಸ್ಪೀಕರಿಗೆ ಹಾಕಿದ್ದರಿಂದ. ಚಿತ್ತಾಪುರದ ಆ ಓಣಿಯಲ್ಲಿ ಯಾರಿಗೆ ಫೋನ್ ಬಂದರೂ ಸ್ಪೀಕರಿಗೆ ಹಾಕುವುದೇ ರೂಢಿ. ಹಾಕದಿದ್ದರೆ ಮುಚ್ಚಿಡುವಂಥದ್ದೇನೋ ಇದೆ ಎಂದರ್ಥ. ಸಂಜೆ ಫೋನ್ ಬಂದಾಗ ಕಟ್ಟೆಯ ಮೇಲೆ ಅವಳ ತಾಯಿ ಮಾಣಿಕಮ್ಮ, ಪಕ್ಕದ ಮನೆಯ ಅಂಬುಬಾಯಿ, ಎದುರು ಮನೆಯ ಖಂಡಪ್ಪ ಕುಳಿತಿದ್ದರು. ಮೂವರೂ ಮಾತು ನಿಲ್ಲಿಸಿ ಕಿವಿಗೊಟ್ಟರು.

"ಲುಂಬಿನಿ ಅವ್ರೇನ್ರಿ? ಶಹಾಬಾದಿನ ಫರ್ಸಿಕಲ್ಲಿನ ಆಫೀಸಿನಿಂದ ಮಾತಾಡಾಕತ್ತೀನ್ರಿ. ಸೆಕ್ರೆಟರಿ ಕೆಲಸಕ್ಕ ನಾಳೆ ಮುಂಜಾನಿ ಒಂಬತ್ತಕ್ಕ ಟ್ರಯಲ್ ಅದ, ಬರ್ರಿ," ಎಂದಿತು ಒಂದು ಹೆಣ್ಣುದನಿ, ಸಕ್ಕರೆ ಸವರಿದಂತೆ.

"ನನಗ ಎಕ್ಸ್‌ಪೀರಿಯನ್ಸ್ ಇಲ್ರಿ. ನಡೀತದೇನ್ರಿ?"

ಆ ಕಡೆ ಕುರ್ಚಿಯೊಂದು ಕಿರುಗುಟ್ಟಿತು. ಆಮೇಲೆ ಅದೇ ದನಿ ಪಿಸುಗುಟ್ಟಿತು. "ಅಕ್ಕಾ, ಬರಬ್ಯಾಡ್ರಿ. ಇಲ್ಲಿ ಕೆಲಸಾನೇ ಇಲ್ಲ. ಸುಮ್ನ..." ಫೋನ್ ಕಟ್ಟಾಯಿತು.

ಲುಂಬಿನಿ ಬೆಪ್ಪಾಗಿ ಕುಳಿತಳು. ಆದರೆ ಓಣಿಯಲ್ಲಿ ಹಿರಿಯರು ಇರುವುದು ಯಾತಕ್ಕೆ?

"ಹೊಟ್ಟಿಕಿಚ್ಚು!" ಎಂದು ತೊಡೆ ತಟ್ಟಿದಳು ಅಂಬುಬಾಯಿ. "ಕುರ್ಚಿ ಮ್ಯಾಲ ಕುಂತಾಕಿ ಆಕೀನೇ. ನೀ ಬಂದ್ರ ತನ್ನ ನೌಕರಿ ಹೋಗ್ತದಂತ ಹಿಂಗ ಹೆದರಸಾಕತ್ಯಾಳ."

ಖಂಡಪ್ಪ ಕನ್ನಡಕ ಸರಿಪಡಿಸಿಕೊಂಡ. ತಾಲೂಕು ಕಚೇರಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತೇ ಪಿಂಚಣಿಗೆ ಬಂದ ಜವಾನ ಅವನು. ಜಗತ್ತಿನ ಎಲ್ಲ ಕಚೇರಿಗಳೂ ಆ ಸ್ಟೂಲಿನಿಂದ ಕಾಣುತ್ತವೆ ಎಂದು ನಂಬಿದ್ದ. "ಬರಬ್ಯಾಡ ಅಂದ್ಲಂದ್ರ ನೌಕರಿ ಪಕ್ಕಾ ಅದ ಅಂತ ಅರ್ಥ. ಇಲ್ಲದಿದ್ದ ಕೆಲಸಕ್ಕ ಯಾರಾರ ಅಡ್ಡ ಬರ್ತಾರೇನು? ತಂಗಿ, ನೀ ಒಂಬತ್ತಕ್ಕಲ್ಲ, ಎಂಟೂವರಿಗೇ ಹೋಗಿ ನಿಂದ್ರು."

ಮಾಣಿಕಮ್ಮ ದಾಲ್ ಮಿಲ್ಲಿನಲ್ಲಿ ದಿನವಿಡೀ ಕುಕ್ಕರುಗಾಲಲ್ಲಿ ಕುಳಿತು ತೊಗರಿ ಹಸನು ಮಾಡುವವಳು. ಸೋಮವಾರದಿಂದ ಮಗಳನ್ನೂ ಕರೆದುಕೊಂಡು ಬಾ ಎಂದು ಮಿಲ್ಲಿನ ಮುನ್ಶಿ ಹೇಳಿದ್ದ. ಬಿ.ಎ. ಮುಗಿಸಿ, ಕಂಪ್ಯೂಟರ್ ಕಲಿತು, ಎರಡು ಭಾಷೆಯಲ್ಲಿ ಟೈಪಿಂಗ್ ಪಾಸಾದ ಮಗಳು ತನ್ನ ಪಕ್ಕದಲ್ಲೇ ಬಂದು ಕುಕ್ಕರಿಸುವುದನ್ನು ನೆನೆದರೆ ಮಾಣಿಕಮ್ಮನಿಗೆ ಅನ್ನ ಇಳಿಯುತ್ತಿರಲಿಲ್ಲ. ಆದರೆ ಹೋದಲ್ಲೆಲ್ಲ ಕೇಳುವುದು ಒಂದೇ, ಅನುಭವ ಇದೆಯಾ? ಕೆಲಸ ಸಿಗದೆ ಅನುಭವ ಬರುವುದಿಲ್ಲ, ಅನುಭವವಿಲ್ಲದೆ ಕೆಲಸ ಕೊಡುವುದಿಲ್ಲ. ಅನುಭವ ಕೇಳದ ಜಾಗವೆಂದರೆ ಆ ದಾಲ್ ಮಿಲ್ಲೊಂದೇ.

"ಹೋಗಿ ಬಾ, ಅವ್ವಿ," ಎಂದಳು ಮಾಣಿಕಮ್ಮ ಕೊನೆಗೆ. "ನೀನಾರ ಕುರ್ಚಿ ಮ್ಯಾಲ ಕುಂದ್ರು."

ಬೆಳಗಾಗುವಷ್ಟರಲ್ಲಿ ಓಣಿ ಅವಳನ್ನು ಸಜ್ಜು ಮಾಡಿತು. ಅಂಬುಬಾಯಿ ತನ್ನ ಸೊಸೆ ಒಮ್ಮೆಯೂ ಉಡದ ಸೀರೆ ತಂದು ಉಡಿಸಿದಳು. ಖಂಡಪ್ಪ ಹಳೇ ಪತ್ರಿಕೆ ತುಂಬಿದ ದಪ್ಪ ಫೈಲೊಂದನ್ನು ಕಂಕುಳಿಗೆ ತುರುಕಿದ. "ಫೈಲು ದಪ್ಪ ಇದ್ರ ಎಕ್ಸ್‌ಪೀರಿಯನ್ಸ್ ಇದ್ದಂಗ ಕಾಣ್ತದ. ಮತ್ತ ಕೇಳು, ಸಾಹೇಬ್ರು ಇಲ್ಲ ಅಂತ ಮಾರಿ ನೋಡಿ ಹೇಳಾಕ ಬಂದ್ರ ಸಾಕು. ಅರ್ಧ ಸೆಕ್ರೆಟರಿ ಕೆಲಸ ಅದೇ."

ಬಸ್ಸಿನಲ್ಲಿ ನಿಂತೇ ಶಹಾಬಾದ್ ಮುಟ್ಟಿದ ಲುಂಬಿನಿ ಎಂಟೂವರೆಗೆ ಆಫೀಸಿನ ಮುಂದಿದ್ದಳು. ಕಲ್ಲಿನ ಪುಡಿಗೆ ಅಂಬುಬಾಯಿ ಉಡಿಸಿದ ನೀಲಿ ಸೀರೆ ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು. ನಿನ್ನೆಯ ದನಿಯವಳು ಎಲ್ಲೂ ಕಾಣಲಿಲ್ಲ. ಮಾಲೀಕ ಅಣವೀರ ಸಾಹುಕಾರ ಬಾಗಿಲು ತೆಗೆಯುತ್ತ ನಕ್ಕ.

"ಎಕ್ಸ್‌ಪೀರಿಯನ್ಸ್ ಇಲ್ಲಾ? ಭಾಳ ಛಲೋ ಆತು, ಬೇಟಿ. ಇದ್ದವ್ರು ನೂರಾ ಎಂಟು ಪ್ರಶ್ನಿ ಕೇಳ್ತಾರ. ಕುಂದ್ರು. ಇವತ್ತ ಟ್ರಯಲ್."

ಕುರ್ಚಿ! ನಾಲ್ಕು ಗಾಲಿಯ ಕುರ್ಚಿ, ಒಂದು ಗಾಲಿ ಇಲ್ಲದ್ದು. ಲುಂಬಿನಿ ಒಂದು ಕಡೆ ವಾಲಿಕೊಂಡು ಕುಳಿತಳು. ಆದರೂ ಅವ್ವ ನೋಡಬೇಕಿತ್ತು ಅನ್ನಿಸಿ ಕಣ್ಣು ತುಂಬಿತು.

ಆಮೇಲೆ ಕಣ್ಣು ಒರೆಸಿಕೊಳ್ಳಲಿಕ್ಕೂ ಪುರುಸೊತ್ತಾಗಲಿಲ್ಲ. ವಾರಗಟ್ಟಲೆಯಿಂದ ಬಿದ್ದಿದ್ದ ಕಾಗದಗಳನ್ನು ಟೈಪು ಮಾಡಿದಳು. ಲಾರಿಯವರ ಬೈಗುಳಕ್ಕೆ "ಹೌದ್ರಿ, ಆಯ್ತ್ರಿ" ಎಂದಳು. ಸಾಹುಕಾರನ ಹೆಂಡತಿ ಫೋನ್ ಮಾಡಿ ಬೆಂಡೆಕಾಯಿ ತರಿಸಲು ಹೇಳಿದಳು. ತರಿಸಲು ಆಫೀಸಿನಲ್ಲಿ ಇನ್ನೊಬ್ಬರು ಇಲ್ಲದ್ದರಿಂದ ಲುಂಬಿನಿ ತಾನೇ ಹೋಗಿ ತಂದಳು. ಎಳೆಯವೇ ಎಂದು ಒಂದೊಂದರ ತುದಿ ಮುರಿದು ನೋಡಿದ್ದಕ್ಕೆ ಕಾಯಿಪಲ್ಯದವಳ ಹತ್ತಿರ ಬೈಸಿಕೊಂಡಳು. ಅದೂ ಸೆಕ್ರೆಟರಿ ಕೆಲಸವೇ ಇರಬೇಕೆಂದು ಸಮಾಧಾನ ಮಾಡಿಕೊಂಡಳು.

ಮಧ್ಯಾಹ್ನ ವಾಡಿ ಊರಿನ ಅಮೀರ್ ಅಲಿ ಎಂಬ ಗಿರಾಕಿ ನೆಲಕ್ಕೆ ಹಾಸುವ ಫರ್ಸಿಯ ಒಡೆದ ತುಂಡೊಂದನ್ನು ಹಿಡಿದು ಮೆಟ್ಟಿಲು ಹತ್ತುವುದು ಕಂಡಿತು. ಸಾಹುಕಾರ ತನ್ನ ಹೊಟ್ಟೆಯನ್ನು ಎಳೆದುಕೊಂಡು ಉಕ್ಕಿನ ಅಲ್ಮಾರಿಯ ಹಿಂದೆ ಸೇರಿಕೊಂಡ.

"ಸಾಹುಕಾರ್ ಎಲ್ಲಿ? ಅರ್ಧ ಮಾಲು ಒಡದದ್ದೇ ಕಳಸ್ಯಾನ!"

"ಸೇಡಂ ಊರಿಗಿ ಹೋಗ್ಯಾರ್ರಿ," ಎಂದಳು ಲುಂಬಿನಿ, ಖಂಡಪ್ಪ ಕಲಿಸಿದಂತೆ ಮುಖ ನೋಡಿ. ಅದೇ ಹೊತ್ತಿಗೆ ಅಲ್ಮಾರಿ ಆಕ್ಷೀ ಎಂದು ಸೀನಿತು. ಲುಂಬಿನಿ ರೆಪ್ಪೆ ಅಲುಗಿಸಲಿಲ್ಲ. "ಪಾಲಿಶ್ ಮಷೀನ್ರಿ. ರಿಪೇರಿಗಿ ಬಂದದ."

ಅಮೀರ್ ಅಲಿ ಅಲ್ಮಾರಿಯನ್ನೂ ನೋಡಿದ, ಇವಳನ್ನೂ ನೋಡಿದ. ಕಲ್ಲಿನ ತುಂಡನ್ನು ಮೇಜಿನ ಮೇಲಿಟ್ಟ. "ನಿನ್ನಿ ಬ್ಯಾರೆ ಹುಡುಗಿ ಇದ್ಲು. ಸುಳ್ಳು ಹೇಳಾಕ ತಡವರಸ್ತಿದ್ಲು, ಪಾಪ. ನೀ ಆಕಿಗಿಂತ ಪಕ್ಕಾ ಇದ್ದಿ, ಬೇಟಿ," ಎಂದು ನಿಟ್ಟುಸಿರು ಬಿಟ್ಟು ಇಳಿದು ಹೋದ.

ಲುಂಬಿನಿಗೆ ಒಳಗೊಳಗೇ ಹಿಗ್ಗು. ಹೊಟ್ಟೆಕಿಚ್ಚಿನವಳನ್ನು ಮನೆಗೆ ಕಳಿಸಿಯಾಗಿದೆ ಎಂದಾಯಿತು. ಅಂದರೆ ಈ ಮೂರು ಗಾಲಿಯ ಕುರ್ಚಿ ತನ್ನದೇ.

ಸಂಜೆಗೆ ಕಾಗದದ ರಾಶಿ ಕರಗಿತ್ತು. ಸಾಹುಕಾರ ಬೆಂಡೆಕಾಯಿಯ ಚೀಲ ಎತ್ತಿಕೊಂಡ. "ಶಹಬ್ಬಾಸ್! ಇಷ್ಟು ಕೆಲಸ ಇಲ್ಲೀತನಕ ಯಾರೂ ಮಾಡಿಲ್ಲ."

"ನಾಳೆ ಎಷ್ಟಕ್ಕ ಬರ್ಬೇಕ್ರಿ?"

"ತಿಳಸ್ತೀವಿ. ಫೋನ್ ಹಚ್ತೀವಿ."

"ಇವತ್ತಿನ ಪಗಾರರೀ?"

"ಟ್ರಯಲ್ಲಿಗಿ ಪಗಾರ ಇರ್ತದೇನು? ಇಷ್ಟೆಲ್ಲ ಕಲತಿ. ಖರೇ ಅಂದ್ರ ಫೀಸು ನಾನೇ ಕೇಳಬೇಕಿತ್ತು."

"ಅನುಭವ ಅದ ಅಂತ ಒಂದು ಚೀಟಿನಾರ ಬರದು ಕೊಡ್ರಿ."

"ಒಂದು ದಿನಕ್ಕ ಅನುಭವ ಅಂತಾರೇನು, ಹುಚ್ಚಿ?" ಸಾಹುಕಾರ ನಿಜಕ್ಕೂ ನಕ್ಕ. ಆಮೇಲೆ ಮೇಜಿನ ಮೇಲಿನ ಫೋನನ್ನು ಅವಳ ಕಡೆ ಸರಿಸಿ ಒಂದು ನಂಬರು ಒತ್ತಿಕೊಟ್ಟ. "ಹೋಗೋ ಮುಂದ ಇದೊಂದು ಕೆಲಸ ಮಾಡಿ ಹೋಗು. ವಾಡಿ ಹುಡುಗಿ, ಫಿರ್ದೋಸ್ ಅಂತ. ನಾಳೆ ಒಂಬತ್ತಕ್ಕ ಟ್ರಯಲ್ ಅದ, ಬಾ ಅನ್ನು. ದನಿ ಸಿಹಿ ಇರ್ಲಿ." ಅಂಗಳದ ಕಲ್ಲು ಕೊಯ್ಯುವ ಮಷೀನು ಬಂದ್ ಮಾಡಿಸಲು ಅವನು ಹೊರಗೆ ನಡೆದ.

ಲುಂಬಿನಿ ಫೋನ್ ಕಿವಿಗೆ ಹಿಡಿದಳು. ನಿನ್ನೆಯ ಸಕ್ಕರೆ ದನಿಗೆ ಈಗ ಮುಖ ಮೂಡಿತು, ತನ್ನದೇ ಮುಖ. ಅಯ್ಯೋ, ಆ ಹುಡುಗಿಯೂ ಇದೇ ಕುರ್ಚಿಯಲ್ಲಿ ವಾಲಿಕೊಂಡು ಕುಳಿತಿದ್ದಳು. ಖರೇ ಹೇಳಿದವಳನ್ನು ಇಡೀ ಓಣಿ ಕೂಡಿ ಬೈದಿತ್ತು, ತಾನೂ ಅದನ್ನೇ ನಂಬಿದ್ದಳು.

"ಹಲೋ," ಎಂದಿತು ಆ ಕಡೆಯ ಎಳೆಯ ದನಿ. ಹಿಂದೆ ನಾಲ್ಕಾರು ಜನರ ಗುಜುಗುಜು ಕೇಳುತ್ತಿತ್ತು.

ಲುಂಬಿನಿ ಹೇಳಬೇಕಾದ್ದನ್ನು ಸಿಹಿಯಾಗಿ ಹೇಳಿದಳು.

"ಅಕ್ಕಾ, ನನಗ ಎಕ್ಸ್‌ಪೀರಿಯನ್ಸ್ ಇಲ್ಲ. ನಡೀತದೇನ್ರಿ?"

ಲುಂಬಿನಿ ಕಿರುಗುಟ್ಟುವ ಕುರ್ಚಿಯನ್ನು ತಿರುಗಿಸಿದಳು. ಬಾಗಿಲ ಕಡೆ ನೋಡಿದಳು. "ಬರಬ್ಯಾಡವ್ವಾ. ಇಲ್ಲಿ ಕೆಲಸ ಇಲ್ಲ. ದಿನಾ ಒಬ್ಬೊಬ್ಬರ್ನ ಕರದು ಪುಕ್ಕಟ ದುಡಸ್ಕೋತಾನ. ನನ್ನಾಣಿ, ಖರೇ ಹೇಳಾಕತ್ತೀನಿ."

ಗುಜುಗುಜು ನಿಂತಿತು. ಆಮೇಲೆ ಒಬ್ಬ ಮುದುಕಿಯ ದನಿ ಸ್ಪಷ್ಟವಾಗಿ ಕೇಳಿಸಿತು. "ಕೇಳ್ದೀ? ಹೊಟ್ಟಿಕಿಚ್ಚು ನೋಡು ಆಕಿಗಿ! ಕುರ್ಚಿ ಬಿಡಾಕ ಮನಸಿಲ್ಲ."

"ನಾ ಎಂಟಕ್ಕೇ ಬರ್ತೀನ್ರಿ, ಅಕ್ಕಾ," ಎಂದಳು ಫಿರ್ದೋಸ್ ಬಿಗಿಯಾಗಿ. ಫೋನ್ ಕಟ್ಟಾಯಿತು.

ಸಾಹುಕಾರ ಬಾಗಿಲಲ್ಲಿ ಇಣುಕಿದ. "ಬರ್ತಾಳಂತೇನು?"

"ಎಂಟಕ್ಕೇ ಬರ್ತಾಳಂತ್ರಿ."

ಬಸ್ಸಿಗೆ ಕಾಯುವಾಗ ಅಂಬುಬಾಯಿಯ ಫೋನ್ ಬಂತು. ಸ್ಪೀಕರಿನಲ್ಲೇ ಇತ್ತು. ಹಿಂದೆ ಖಂಡಪ್ಪನ ಕೆಮ್ಮು, ಅವ್ವನ ಬಳೆಯ ಸದ್ದು ಎರಡೂ ಕೇಳುತ್ತಿದ್ದವು. "ಏನಾತವ್ವಾ? ಆ ಹೊಟ್ಟಿಕಿಚ್ಚಿನಾಕಿ ಸಿಕ್ಕಿದ್ಲೇನು?"

ಲುಂಬಿನಿ ಸೆರಗಿನಿಂದ ಮುಖದ ಕಲ್ಲುಪುಡಿ ಒರೆಸಿಕೊಂಡಳು.

"ಸಿಕ್ಕಿದ್ಲು, ಕಾಕಿ. ಸೋಮಾರದಿಂದ ಅವ್ವನ ಸಂಗಟ ದಾಲ್ ಮಿಲ್ಲಿಗಿ ಬರ್ತಾಳ."