ಆಸರಿಗೆ ಕೇಳುವ ಇ-ಮೇಲ್

ನಮ್ಮ ಭಾವನ ಇ-ಮೇಲ್ ಓದಿದರೆ ಬಾಯಾರಿಕೆಯಾಗುತ್ತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಬೇಡ ಬಿಡಿ, ನಮ್ಮ ಸಾಹೇಬರೂ ಮೊದಲು ನಂಬಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಶಿರಸಿಯ ಒಂದು ಸಹಕಾರಿ ಸಂಘದ ಹೆಡ್ಡಾಫೀಸಿನಲ್ಲಿ ನಾನು ಗುಮಾಸ್ತೆ. ಸೋದರತ್ತೆಯ ಮಗನಾದ ಈ ಭಾವ ಅರಬೈಲ್ ಶಾಖೆಯಲ್ಲಿ ಮ್ಯಾನೇಜರ್, ಗುಮಾಸ್ತ, ಜವಾನ ಎಲ್ಲವೂ! ಮದುವೆಯಾಗಿರಲಿಲ್ಲ, ಶಾಖೆಯ ಹಿಂದಿನ ಕೋಣೆಯಲ್ಲೇ ವಾಸ. ಘಟ್ಟದ ಲಾರಿಗಳು ಹಾರ್ನ್ ಹೊಡೆದು ಹೋಗುತ್ತಿದ್ದವೇ ಹೊರತು ಬಾಗಿಲಿಗೆ ಬರುವವರು ಕಡಿಮೆ. ಅಂಥವನ ಮೇಜಿಗೆ ಕಂಪ್ಯೂಟರ್ ಬಂತು. "ಇನ್ನ ಎಲ್ಲಾ ಶಾಖೆಯವರೂ ಒಂದ ಮನಿಯವರಂಗ ಮಾತಾಡ್ರಿ" ಎಂದು ಹಾವೇರಿ ಕಡೆಯ ಸಾಹೇಬರು ಭಾಷಣ ಮಾಡಿದರು. ಉಳಿದವರು ಚಪ್ಪಾಳೆ ತಟ್ಟಿ ಮರೆತರು. ಭಾವ ನಂಬಿಬಿಟ್ಟ.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಆಸರಿಗೆ ಏನು ಬೇಕು ಎಂದು ಕೇಳಬೇಕು. ನೀರು-ಬೆಲ್ಲವೋ, ಮಜ್ಜಿಗೆಯೋ, ಚಾವೋ, ಏನಾದರೊಂದು ಗಂಟಲಿಗೆ ಇಳಿದ ಮೇಲೆಯೇ ಬಂದ ಕೆಲಸದ ಮಾತು. ಭಾವನ ಪ್ರಕಾರ ಮೇಲ್ ಬಂತೆಂದರೆ ಜನ ಬಂದ ಹಾಗೆಯೇ! "ದಿನದ ಲೆಕ್ಕ ಕಳಿಸಿ" ಎಂದು ನಾನು ಬರೆದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ ಉತ್ತರ: "ತಂಗಿ, ಆಸರಿಗೆ ಎಂತ ಬೇಕು?" ನಾನು "ಚಾ" ಎನ್ನಬೇಕು. "ಸಕ್ರೆದಾ, ಬೆಲ್ಲದ್ದಾ?" ಅದಕ್ಕೂ ಉತ್ತರ ಹೋಗಬೇಕು. ಅಷ್ಟರಲ್ಲಿ ಫೋನ್ ಲೈನ್ ಕಡಿದು, ಮೋಡೆಮ್ ಕುಂಯ್‌ಗುಟ್ಟಿ, ಮತ್ತೆ ಸೇರಿ, ಲೆಕ್ಕ ಬರುವಾಗ ಆಫೀಸಿನಲ್ಲಿ ನಾನೊಬ್ಬಳೇ ಉಳಿದಿರುತ್ತಿದ್ದೆ.

ಸಿದ್ದಾಪುರ ಶಾಖೆಯವರು ತಮಾಷೆಗೆ "ನಮಗೆ ಮಜ್ಜಿಗೆ" ಎಂದು ಬರೆದರು. ಮರುದಿನ ಬಸ್ಸಿನಲ್ಲಿ ಬಾಟಲಿ ಹೊರಟೇಬಿಟ್ಟಿತು! ಯಲ್ಲಾಪುರ, ಶಿರಸಿ ದಾಟಿ ಸಿದ್ದಾಪುರ ಮುಟ್ಟುವಷ್ಟರಲ್ಲಿ ಹುಳಿ ಬಂದು, ಮುಚ್ಚಳ ಹಾರಿ, ಅರ್ಧ ಮಜ್ಜಿಗೆ ಕಂಡಕ್ಟರನ ಅಂಗಿಗೆ ಸಂದಾಯವಾಗಿತ್ತು.

ಸಾಹೇಬರ ತಾಳ್ಮೆ ಕೆಟ್ಟಿತು. "ಲೆಕ್ಕ ಕೇಳಿದ್ರ ಪಾನಕ ಬೇಕೇನು ಅಂತಾನಲ್ರೀ ಈ ಮನಷ್ಯಾ." ಮೇಲ್‌ನಲ್ಲಿ ಕೆಲಸದ ಮಾತು ಬಿಟ್ಟು ಬೇರೆ ಕೂಡದೆಂದು ಅವರೇ ಭಾವನಿಗೆ ಬರೆದರು. ಭಾವನ ಉತ್ತರ ತಕ್ಷಣ ಬಂತು: "ಒಪ್ಪಿಗೆ ಸರ್. ಸಿಟ್ಟಿನಲ್ಲಿ ಗಂಟಲು ಒಣಗಿರಬಹುದು. ಆಸರಿಗೆ ಏನು ಕೊಡಲಿ?" ಇಂಥವನಿಗೆ ಯಾರು ಏನು ಹೇಳಬೇಕು, ಹೇಳಿ?

ಅವನು ನಿವೃತ್ತನಾದ ದಿನ ಶಿರಸಿಗೆ ಕರೆಸಿ ಹಾರ ಹಾಕಿದೆವು. ಎರಡು ಮಾತಾಡಿ ಎಂದರೆ, ಇಷ್ಟು ವರ್ಷ ಊರಿಗೆಲ್ಲ ಮೇಲ್ ಬರೆದ ಮಹಾರಾಯ ಕೈ ಮುಗಿದು ಕೂತುಬಿಟ್ಟ. ಹೊರಡುವಾಗ ನಾನು ಛೇಡಿಸಿದೆ: "ಭಾವ, ನಾಳೆಯಿಂದಾದ್ರೂ ಆನು ಬೇಗ ಮನೆಗೆ ಹೋಗ್ತೆ."

ಅವನು ನಗಲಿಲ್ಲ.

"ಲೆಕ್ಕ ಮಧ್ಯಾಹ್ನವೇ ತಯಾರಿರ್ತಿತ್ತು ತಂಗಿ. ಕಳಿಸಿಬಿಟ್ರೆ ಮತ್ತೆ ಮರುದಿನದವರೆಗೆ ಎನ್ನ ಹತ್ರ ಮಾತಾಡಲೆ ಯಾರೂ ಇಲ್ಲೆ. ಅದಕ್ಕೇ ಹಿಡಕಂಡು ಕೂತಿರ್ತಿದ್ದೆ."

ಮರುದಿನ ಅರಬೈಲಿನ ಹೊಸ ಮ್ಯಾನೇಜರನ ಲೆಕ್ಕ ಹೊತ್ತಿಗೆ ಸರಿಯಾಗಿ ಬಂತು, ಬರೀ ಅಂಕಿಗಳು. ಸಾಹೇಬರಿಗೆ ಖುಷಿಯೋ ಖುಷಿ. ನಾನು ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಕಂಪ್ಯೂಟರ್ ಎದುರೇ ಕೂತು ಅತ್ತೆ. ನನ್ನನ್ನೂ ದಿನವೆಲ್ಲ ಮಾತಾಡಿಸುತ್ತಿದ್ದವನು ಅವನೊಬ್ಬನೇ.