ಮುಹೂರ್ತಕ್ಕೆ ಇನ್ನು ಏಳೂವರೆ ನಿಮಿಷ

ಭಾನುವಾರ ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ, ಕಡೂರಿನ ಕಲ್ಯಾಣ ಮಂಟಪದಲ್ಲಿ, ಹುಡುಗ ಹುಡುಗಿ ತೀರಾ ನಿಧಾನವಾಗಿ ನಡೆಯುತ್ತಿದ್ದಾರೆ ಎಂದು ಮಲ್ಲಿಕಾಂಬ ಹೇಳಿದರು.

ಅವರು ಹೇಳಿದ್ದು ವಿಡಿಯೋದಲ್ಲಿನ ನಡಿಗೆಯ ಬಗ್ಗೆ. ಅಜ್ಜಂಪುರದ ಸ್ಟುಡಿಯೋ ಮಾಲೀಕ ಓಂಕಾರೇಶ್ ಹಿಂದಿನ ವಾರ ವಧು ಭೂಮಿಕಾಳನ್ನೂ ವರನನ್ನೂ ಕೆಮ್ಮಣ್ಣುಗುಂಡಿಗೆ ಕರೆದೊಯ್ದು, ಹೂತೋಟದ ದಾರಿಯಲ್ಲಿ ಹದಿನಾಲ್ಕು ಸಲ ಹತ್ತಿಸಿ ಇಳಿಸಿ, ಮೂವತ್ತು ನಿಮಿಷದ ವಿಡಿಯೋ ಮಾಡಿದ್ದ. ಅದರ ಮೂಲೆಯಲ್ಲಿ ಕುಂಬಳಕಾಯಿ ಗಾತ್ರದ ಅಂಕಿಗಳ ಒಂದು ಟೈಮರ್. ಮುಹೂರ್ತಕ್ಕೆ ಇನ್ನೆಷ್ಟು ಹೊತ್ತಿದೆ ಎಂದು ತೋರಿಸುವುದು ಅದರ ಕೆಲಸ. ಹತ್ತು ಇಪ್ಪತ್ತೈದಕ್ಕೆ 30:00ರಿಂದ ಶುರುವಾದರೆ ಹತ್ತು ಐವತ್ತೈದಕ್ಕೆ ಸೊನ್ನೆ. ಶುಕ್ರವಾರ ಅವನು ಸ್ಟಾಪ್‌ವಾಚ್ ಹಿಡಿದು ಅರ್ಧ ಗಂಟೆ ಅಲ್ಲಾಡದೆ ಕೂತು ತಾಳೆ ನೋಡಿದ್ದ. ಒಂದು ಸೆಕೆಂಡೂ ಆಚೀಚೆ ಇರಲಿಲ್ಲ.

ಇಷ್ಟು ನಿಗಾ ವಹಿಸಲು ಕಾರಣವಿತ್ತು. ವಧುವಿನ ತಂದೆ ರಾಜಶೇಖರ್ ಅದೇ ಮಂಟಪದ ಸಮಿತಿಯ ಕಾರ್ಯದರ್ಶಿ. ವೇದಿಕೆಯ ಹಿಂದೆ ಹೊಸದಾಗಿ ದೊಡ್ಡ ಎಲ್‌ಇಡಿ ಪರದೆ ಹಾಕಿಸಿದ್ದರು. ಈ ಮದುವೆ ಚೆನ್ನಾಗಿ ನಡೆದರೆ ಮುಂದೆ ಮಂಟಪದ ಎಲ್ಲ ಮದುವೆಗಳ ಪರದೆ ಕೆಲಸ ಓಂಕಾರೇಶನದು. ಎಡವಟ್ಟಾದರೆ ಬೀರೂರಿನ ಸ್ಟುಡಿಯೋದ ಮುರಳೀಕೃಷ್ಣನದು. ಮುರಳೀಕೃಷ್ಣನನ್ನೂ ಮದುವೆಗೆ ಕರೆದಿದ್ದರು. ಅವನು ಎರಡನೇ ಸಾಲಿನಲ್ಲಿ ಕೂತು, ಪರೀಕ್ಷಾ ಮೇಲ್ವಿಚಾರಕನ ಮುಖ ಮಾಡಿಕೊಂಡು ಉಪ್ಪಿಟ್ಟು ತಿನ್ನುತ್ತಿದ್ದ.

ಮಲ್ಲಿಕಾಂಬ ರಾಜಶೇಖರ್ ಅವರ ಅಕ್ಕ. ತಾಲೀಮಿಗೆಂದು ಹಾಕಿದ ವಿಡಿಯೋವನ್ನು ಎರಡು ನಿಮಿಷ ನೋಡಿ ಅವರು ತೀರ್ಪು ಕೊಟ್ಟರು.

“ಏನಪ್ಪಾ ಓಂಕಾರಿ, ನಮ್ ಹುಡ್ಗೀನ ಹಿಂಗಾ ನಡ್ಸೋದು?”

“ಅಮ್ಮಾ, ಅದು ಸ್ಲೋ ಮೋಷನ್. ರೊಮ್ಯಾಂಟಿಕ್.”

“ಅದೇನೋ ನಂಗೊತ್ತಿಲ್ಲ. ಟೀವೀಲಿ ಮಂಡಿನೋವಿನ ಎಣ್ಣೆ ಹಚ್ಕೊಳೋಕೆ ಮುಂಚೆ ತೋರಿಸ್ತಾರಲ್ಲ, ಹಂಗೈತೆ. ಗಂಡಿನ ಕಡೇರು ಹುಡ್ಗಿ ಕಾಲಿಗೆ ಏನಾಗೈತೆ ಅಂತ ಕೇಳಿದ್ರೆ ನೀ ಉತ್ತರ ಹೇಳ್ತೀಯಾ? ಒಸಿ ಚುರುಕು ಮಾಡು.”

ಕಾರ್ಯದರ್ಶಿಯ ಅಕ್ಕನಿಗೆ ಇಲ್ಲ ಎನ್ನುವ ಹಾಗಿರಲಿಲ್ಲ. ಓಂಕಾರೇಶ್ ಲ್ಯಾಪ್‌ಟಾಪ್ ತೆರೆದು ಕ್ಲಿಪ್ಪಿನ ವೇಗವನ್ನು ಒಂದೂಕಾಲು ಪಟ್ಟು ಮಾಡಿದ. ಭೂಮಿಕಾ ಬಸ್ಸು ಹಿಡಿಯುವವಳ ಹಾಗೆ ನಡೆಯತೊಡಗಿದಳು. ಮಲ್ಲಿಕಾಂಬ, “ಈಗ ಹುಷಾರಾದ್ಲು ನೋಡು,” ಎಂದು ಕಾಫಿಗೆ ಹೋದರು.

ಟೈಮರ್ ಬೇರೆ ಪದರದಲ್ಲಿದ್ದಿದ್ದರೆ ತೊಂದರೆ ಇರಲಿಲ್ಲ. ಆದರೆ ಅದು ಎಲ್ಲೂ ಜರುಗದಿರಲಿ ಎಂದು ಶುಕ್ರವಾರವೇ ಅವನು ಟೈಮರನ್ನೂ ಕ್ಲಿಪ್ಪನ್ನೂ ಸೇರಿಸಿ ಒಂದು ಮಾಡಿದ್ದ. ಕ್ಲಿಪ್ ಓಡಿದಷ್ಟೇ ವೇಗವಾಗಿ ಟೈಮರೂ ಓಡುತ್ತದೆ. ಮೂವತ್ತು ನಿಮಿಷ ಇಪ್ಪತ್ನಾಲ್ಕರಲ್ಲೇ ಮುಗಿಯುತ್ತದೆ. ಇದು ಅವನಿಗೆ ಗೊತ್ತಿತ್ತು. ಆ ಹೊತ್ತಿಗೆ ನೆನಪಾಗಲಿಲ್ಲ.

ಹತ್ತು ಇಪ್ಪತ್ತೈದಕ್ಕೆ ಸರಿಯಾಗಿ ಪರದೆ ಬೆಳಗಿತು. ಆರುನೂರು ಜನ ಮಾತು ನಿಲ್ಲಿಸಿ ನೋಡಿದರು. ವಾಲಗದ ರುದ್ರಮೂರ್ತಿ ತನ್ನ ತಂಡಕ್ಕೆ, “ಇವತ್ತು ಯಾರೂ ಕೈ ಸನ್ನೆ ಮಾಡಂಗಿಲ್ಲ. ಸೊನ್ನೆ ಬಿದ್ದ ತಕ್ಷಣ ಗಟ್ಟಿಮೇಳ,” ಎಂದ. ಅಡುಗೆಯವರೂ ಎಲೆ ಹಾಕುವುದು ಸೊನ್ನೆಗೇ ಎಂದು ಗೊತ್ತುಮಾಡಿಕೊಂಡರು. ಪರದೆಗೆ ಬೆನ್ನು ಮಾಡಿ ಕೂತಿದ್ದ ಪುರೋಹಿತ ಐನೋರಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ. ಓಂಕಾರೇಶ್ ಸಭಾಂಗಣದ ಕೊನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೈಕಟ್ಟಿ ನಿಂತು, ಇಡೀ ಮದುವೆಯನ್ನು ತಾನೇ ಮಾಡಿಸುತ್ತಿರುವವನಂತೆ ನೋಡುತ್ತಿದ್ದ.

ಹತ್ತು ನಲವತ್ತಕ್ಕೆ ಮುರಳೀಕೃಷ್ಣ ಎದ್ದು ಅವನ ಪಕ್ಕಕ್ಕೆ ಬಂದ.

“ಮುಹೂರ್ತ ಎಷ್ಟೊತ್ತಿಗೋ?”

“ಹತ್ತು ಐವತ್ತೈದಕ್ಕೆ. ರಾಜಶೇಖರಣ್ಣ ಫೋನ್ ಮಾಡಿ ಹೇಳವ್ರೆ.”

“ಅಂದ್ರೆ ಇನ್ನೂ ಹದ್ನೈದು ನಿಮಿಷ. ನಿನ್ ಪರದೇಲಿ ಹನ್ನೊಂದೂಕಾಲೇ ನಿಮಿಷ ಅಂತೈತೆ. ಅಜ್ಜಂಪುರದ ಸೆಕೆಂಡು ಸಣ್ಣವಾ?”

ಓಂಕಾರೇಶ್ ಪರದೆ ನೋಡಿದ, ಕೈಗಡಿಯಾರ ನೋಡಿದ. ಬೆಳಗಿನ ಒಂದೂಕಾಲು ಪಟ್ಟು ಈಗ ನೆನಪಾಯಿತು. ಹೀಗೇ ಬಿಟ್ಟರೆ ಸೊನ್ನೆ ಬೀಳುವುದು ಹತ್ತು ನಲವತ್ತೊಂಬತ್ತಕ್ಕೆ. ಗಟ್ಟಿಮೇಳ ಆರು ನಿಮಿಷ ಮುಂಚೆ ಮೊಳಗುತ್ತದೆ. ಬೀರೂರಿನವನು ಅದನ್ನು ಜೀವಮಾನವಿಡೀ ಹೇಳಿಕೊಂಡು ತಿರುಗುತ್ತಾನೆ.

ಅವನು ಜನರ ಮಧ್ಯೆ ನುಗ್ಗಿ ರಾಜಶೇಖರ್ ಅವರನ್ನು ಹಿಡಿದ.

“ಅಣ್ಣಾ, ಟೈಮರ್ ಒಂಚೂರು ಮುಂದೆ ಓಡ್ತೈತೆ. ಎರಡ್ನಿಮಿಷ ನಿಲ್ಸಿ ಸರಿ ಮಾಡ್ತೀನಿ.”

“ಏನು, ನಿಲ್ಸೋದಾ? ಮುಹೂರ್ತದ ಗಡಿಯಾರ ನಿಲ್ಸೋದಾ? ಲಿಂಗದಹಳ್ಳಿಯಿಂದ ಎರಡು ಬಸ್ಸು ಬೀಗ್ರು ಬಂದವ್ರೆ. ನಿಂತ್ರೆ ಅಪಶಕುನ ಅಂತಾರೆ.”

“ಹಂಗಾರೆ ಒಸಿ ಹಿಂದಕ್ಕೆ ಸರ್ಸಲಾ?”

“ಹಿಂದಕ್ಕೆ ಹೋದ್ರೆ ಇನ್ನೂ ಕೆಟ್ದು ಕಣಯ್ಯಾ. ನೀ ಏನಾರ ಮಾಡ್ಕೋ, ಅದು ನಿಲ್ಬಾರ್ದು, ಹಿಂದಕ್ಕೂ ಹೋಗ್ಬಾರ್ದು. ಮಂಟಪದ ಕೆಲ್ಸ ಬೇಕೋ ಬೇಡ್ವೋ?”

ಬೇಕಿತ್ತು. ಅವನು ವಾಪಸು ಬಂದಾಗ ಹತ್ತು ನಲವತ್ಮೂರು. ಪರದೆಯ ಮೇಲೆ 07:30. ಮುಹೂರ್ತಕ್ಕೆ ಉಳಿದಿದ್ದು ಹನ್ನೆರಡು ನಿಮಿಷ. ಓಂಕಾರೇಶ್ ಊಟದ ಎಲೆಯ ತುದಿ ಹರಿದು ಅದರ ಮೇಲೆ ಪೆನ್ನಿನಲ್ಲಿ ಲೆಕ್ಕ ಹಾಕಿದ. ಈಗಿನ ವೇಗದಲ್ಲಿ ಫೈಲಿನಲ್ಲಿ ಉಳಿದಿರುವುದು ಆರು ನಿಮಿಷ. ಅದನ್ನು ಹನ್ನೆರಡು ನಿಮಿಷ ಓಡಿಸಬೇಕು. ಅಂದರೆ ಸರಿಯಾಗಿ ಅರ್ಧ ವೇಗ. ಗುಂಡಿ ಒತ್ತಿದ. ವಿಡಿಯೋದ ಹಾಡು ಎಮ್ಮೆ ಆಕಳಿಸಿದಂತೆ ಕೇಳಿಸಿತು. ಹಾಡನ್ನಷ್ಟೇ ನಿಲ್ಲಿಸಿ, ರುದ್ರಮೂರ್ತಿಗೆ ಏನಾದರೂ ಊದಲು ಸನ್ನೆ ಮಾಡಿದ. ಟೈಮರ್ ನಿಲ್ಲಲೂ ಇಲ್ಲ, ಹಿಂದಕ್ಕೂ ಹೋಗಲಿಲ್ಲ. ಒಂದೊಂದು ಸೆಕೆಂಡೂ ಮೆಟ್ಟಿಲಿಳಿಯುವ ತುಂಬು ಬಸುರಿಯ ಹಾಗೆ ಯೋಚಿಸಿ ಯೋಚಿಸಿ ಇಳಿಯಿತು.

“ಅಯ್ಯೋ, ಮತ್ತೆ ಮಂಡಿ ನೋವು ಶುರುವಾಯ್ತಲ್ಲ,” ಎಂದರು ಮುಂದಿನ ಸಾಲಿನಲ್ಲಿದ್ದ ಮಲ್ಲಿಕಾಂಬ.

ಹತ್ತು ನಲವತ್ತೊಂಬತ್ತಕ್ಕೆ ವೇದಿಕೆಯ ಮೇಲೆ ಎಲ್ಲ ಸಿದ್ಧವಾಗಿತ್ತು. ತಾಳಿಯ ತಟ್ಟೆ ಎಲ್ಲರ ಕೈ ಮುಟ್ಟಿಸಿಕೊಂಡು ವಾಪಸಾಗಿತ್ತು. ಐನೋರು, “ಕಟ್ಟಿಸ್ಬಿಡೋಣ್ವಾ?” ಎಂದರು.

ರಾಜಶೇಖರ್ ಹಿಂದೆ ತಿರುಗಿ ಪರದೆ ನೋಡಿದರು. “ಐನೋರೇ, ಇನ್ನೂ ಮೂರು ಮುಕ್ಕಾಲು ನಿಮಿಷ ತೋರಿಸ್ತೈತೆ. ಜನ ಎಣಿಸ್ಕೊಂಡು ಕೂತವ್ರೆ. ಸೊನ್ನೆಗೆ ಕಟ್ಟಿದ್ರೆ ಚೆಂದ.”

ಐನೋರು ತಮ್ಮ ಗಡಿಯಾರ ನೋಡಿ, “ಮೂರು ಮುಕ್ಕಾಲಾ? ಐವತ್ಮೂರರೊಳಗೆ ಆಯ್ತು ಬಿಡಿ,” ಎಂದು ಇನ್ನೊಂದು ಮಂತ್ರ ಎತ್ತಿಕೊಂಡರು.

ಕೊನೆಯ ಹತ್ತು ಸೆಕೆಂಡನ್ನು ಸಭೆಯೇ ಎಣಿಸಿತು. “ಹತ್ತು” ಎಂದು ಕೂಗಿ, ಉಸಿರು ತೆಗೆದುಕೊಂಡು, ಪಕ್ಕದವರ ಮುಖ ನೋಡಿ, ಆಮೇಲೆ “ಒಂಬತ್ತು” ಎಂದರು. ಅಕ್ಷತೆ ಹಿಡಿದು ಎತ್ತಿದ ಕೈಗಳು ಸೋತವು. “ಇದೇನ್ರೀ, ಇಳಿಯಕ್ಕೇ ಒಲ್ಲೆ ಅಂತೈತೆ,” ಎಂದು ಬೀಗರೊಬ್ಬರು ಕೈ ಬದಲಾಯಿಸಿದರು. ಐದು, ನಾಲ್ಕು, ಮೂರು. ಓಂಕಾರೇಶ್ ಪರದೆ ನೋಡಲೇ ಇಲ್ಲ, ಕೈಗಡಿಯಾರವನ್ನೇ ನೋಡುತ್ತಿದ್ದ. ಸೆಕೆಂಡಿನ ಮುಳ್ಳು ಹನ್ನೆರಡನ್ನು ಮುಟ್ಟಿದಾಗ ಸಭೆ “ಸೊನ್ನೆ” ಎಂದಿತು. ಹತ್ತು ಐವತ್ತೈದು.

ಗಟ್ಟಿಮೇಳ ಮೊಳಗಿತು. ಅಕ್ಷತೆ ಹಾರಿತು. ಅದು ನೆಲ ಮುಟ್ಟುವ ಮೊದಲೇ ಅರ್ಧ ಸಭೆ ಊಟದ ಮನೆಯ ಕಡೆ ತಿರುಗಿತ್ತು.

ಓಂಕಾರೇಶ್ ಹೊಳೆಗೆ ಎದುರಾಗಿ ಈಜುವವನಂತೆ ಆ ಜನರನ್ನು ಸೀಳಿಕೊಂಡು ವೇದಿಕೆ ಹತ್ತಿದ. ವರ ಇನ್ನೂ ಭೂಮಿಕಾಳ ಜಡೆಯ ಕೆಳಗೆ ದಾರದ ಎರಡನೇ ತುದಿಯನ್ನು ಹುಡುಕುತ್ತಿದ್ದ. ವಾಲಗದ ಸದ್ದನ್ನು ಮೀರಿಸಿ ಓಂಕಾರೇಶ್ ರಾಜಶೇಖರ್ ಅವರ ಕಿವಿಯಲ್ಲಿ ಕೂಗಿದ.

“ಅಣ್ಣಾ, ಅದು ಬಿಟ್ಟಿದ್ರೆ ನಲವತ್ತೊಂಬತ್ತಕ್ಕೇ ಮುಗಿಯೋದು. ನಾನೇ ಆರು ನಿಮಿಷ ಎಳೆದು ಸರಿಯಾಗಿ ಹತ್ತು ಐವತ್ತೈದಕ್ಕೆ ತಂದೆ. ಒಂದು ಸೆಕೆಂಡೂ ಹೆಚ್ಚುಕಮ್ಮಿ ಇಲ್ಲ.”

ಐನೋರು ವರನ ಮಣಿಕಟ್ಟು ಹಿಡಿದರು. ಆಮೇಲೆ ಗಡಿಯಾರ ನೋಡಿದರು.

“ಐವತ್ತೈದು ಆಗೋಯ್ತಾ?”

“ಆಯ್ತು ಐನೋರೇ. ಕರೆಕ್ಟಾಗಿ,” ಎಂದ ಓಂಕಾರೇಶ್.

“ಲಗ್ನ ಹತ್ತು ಇಪ್ಪತ್ತರಿಂದ ಹತ್ತು ಐವತ್ತೈದರ ಒಳಗೆ. ಐವತ್ತೈದು ಅನ್ನೋದು ಮುಗಿಯೋ ಹೊತ್ತಪ್ಪಾ, ಶುರುವಾಗೋದಲ್ಲ. ತಾಳಿ ಇಳ್ಸಿ.”

ವಾಲಗ ತಾನಾಗಿ ನಿಂತಿತು. ರಾಜಶೇಖರ್ ಓಂಕಾರೇಶನ ಕಡೆ ತಿರುಗಿದರು.

“ನಾ ಐವತ್ತೈದರ ಒಳಗೆ ಅಂದಿದ್ನಲ್ಲ.”

“ಒಳಗೆ ಅನ್ಲಿಲ್ಲ ಅಣ್ಣಾ. ಐವತ್ತೈದು ಅಂದ್ರಿ.”

“ಪತ್ರಿಕೇಲಿ ಅಚ್ಚು ಹಾಕ್ಸಿದೀವಲ್ಲ. ಓದ್ಲಿಲ್ವಾ?”

“ಫೋಟೋದೋರಿಗೆ ಯಾರಣ್ಣಾ ಪತ್ರಿಕೆ ಕೊಡ್ತಾರೆ?”

ಅಷ್ಟರಲ್ಲಿ ಮುರಳೀಕೃಷ್ಣನೂ ವೇದಿಕೆಯ ಹತ್ತಿರ ಬಂದಿದ್ದ. ತನಗೆ ಬಂದಿದ್ದ ಪತ್ರಿಕೆಯನ್ನು ಜೇಬಿನಿಂದ ತೆಗೆದು, ಬಿಡಿಸಿ, ಐನೋರು ಹೇಳಿದ್ದು ಸರಿ ಎಂದ. ಐನೋರು ಪಂಚಾಂಗದ ಪುಟ ತಿರುವಿ, ಮುಂದಿನ ಲಗ್ನ ಹನ್ನೆರಡು ಎಂಟಕ್ಕೆ ಎಂದರು. ಅಷ್ಟು ಹೊತ್ತಿಗೆ ಮೊದಲ ಪಂಕ್ತಿಗೆ ಹೋಳಿಗೆ ಬಡಿಸಿ ಆಗಿತ್ತು.

ಹನ್ನೆರಡು ಎಂಟಕ್ಕೆ ಭೂಮಿಕಾಳ ಕೊರಳಿಗೆ ತಾಳಿ ಬಿತ್ತು. ಆಗ ಸಭಾಂಗಣದ ಕುರ್ಚಿಗಳಲ್ಲಿ ಹತ್ತೊಂಬತ್ತು ಜನ ಇದ್ದರು. ಅವರಲ್ಲಿ ಏಳು ಮಂದಿ ವಾಲಗದವರು. ಬುಧವಾರ ಸಂಜೆ ಸಮಿತಿ ಸೇರಿ ಪರದೆಯ ಕೆಲಸವನ್ನು ಬೀರೂರಿನ ಮುರಳೀಕೃಷ್ಣನಿಗೆ ಕೊಟ್ಟಿತು.